ಮಾಲಿಯಲ್ಲಿ ಫ್ರಾನ್ಸ್: ಗೆದ್ದದ್ದು ಮೂರು ವಾರದಲ್ಲಿ, ಕೆಟ್ಟದ್ದು ಕಿದಾಲ್‌ನಲ್ಲಿ

ಬೀದರ್ ವಾಯುನೆಲೆಯ ಹಾಕ್ ವಿಮಾನ ತಲೆಯ ಮೇಲೆ ಸದ್ದು ಮಾಡಿಕೊಂಡು ಹೋದರೆ ಸಾಕು, ಚಹಾದಂಗಡಿಯಲ್ಲಿ ಯಾರಾದರೂ ರಫೇಲ್ ಮಾತು ತೆಗೆಯುತ್ತಾರೆ. "ಆಫ್ರಿಕಾದಾಗ ಒಂದೇ ದಿನಕ್ಕ ಯುದ್ಧ ಮುಗಿಸ್ಯಾದ್ರಿ ಅದು" ಅನ್ನುವವರೂ ಇದ್ದಾರೆ. ಅವರು ಹೇಳುವುದು 2013ರ ಜನವರಿ 13ರ ಕಥೆ. ಫ್ರಾನ್ಸಿನ ಸೇಂ-ದಿಜಿಯೆಯಿಂದ ಎದ್ದ ನಾಲ್ಕು ರಫೇಲ್‌ಗಳು ಒಂಬತ್ತೂವರೆ ತಾಸು ಹಾರಿ, ಆಕಾಶದಲ್ಲೇ ಹಲವು ಸಲ ಇಂಧನ ತುಂಬಿಸಿಕೊಂಡು, ಮಾಲಿಯ ಗಾವ್ ಸುತ್ತ ಬಾಂಬ್ ಹಾಕಿ ಚಾಡ್‌ನ ಎಂಜಮೇನಾದಲ್ಲಿ ಇಳಿದವು. ಹಾರಾಟ ದೊಡ್ಡದೇ. ಆದರೆ ಯುದ್ಧ ಮುಗಿಸಿದ್ದು ಅದಲ್ಲ.

ಹಿನ್ನೆಲೆ ಚುಟುಕಾಗಿ ಹೇಳುವೆ. ಮಾಲಿ 1960ರವರೆಗೆ ಫ್ರಾನ್ಸಿನ ವಸಾಹತು. 2012ರ ಜನವರಿಯಲ್ಲಿ ಉತ್ತರದ ಮರುಭೂಮಿಯ ತುವಾರೆಗ್ ಜನಾಂಗದ ಬಂಡುಕೋರರು ಪ್ರತ್ಯೇಕ ದೇಶ ಬೇಡಿ ಎದ್ದರು, ಮಾರ್ಚ್‌ನಲ್ಲಿ ರಾಜಧಾನಿ ಬಮಾಕೊದಲ್ಲಿ ಸೇನಾ ಕ್ರಾಂತಿಯಾಯಿತು, ಆ ಗದ್ದಲದಲ್ಲಿ ಉತ್ತರವೆಲ್ಲ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಅನ್ಸಾರ್ ದೀನ್, ಅಲ್ ಖೈದಾ ಶಾಖೆ ಮತ್ತು ಮುಜಾವೊ ಎಂಬ ಜಿಹಾದಿ ಗುಂಪುಗಳು ಸೇರಿ ತುವಾರೆಗ್ ಪ್ರತ್ಯೇಕತಾವಾದಿಗಳನ್ನೇ ಊರುಗಳಿಂದ ಓಡಿಸಿದವು.

2013ರ ಜನವರಿ 10ರಂದು ಕೊನ್ನಾ ಜಿಹಾದಿಗಳ ಕೈಗೆ ಬಿತ್ತು. ಸಣ್ಣ ಊರು, ರಾಜಧಾನಿ ಬಮಾಕೊದಿಂದ ಬೀದರ್–ಬೆಂಗಳೂರಿನಷ್ಟು ದೂರ. ಆದರೂ ಪ್ಯಾರಿಸ್ ಗಾಬರಿಯಾದದ್ದು ಯಾಕೆಂದರೆ, ಅಲ್ಲಿಂದ ತಾಸೊಪ್ಪತ್ತಿನ ದಾರಿಯಲ್ಲಿ ಸೆವಾರೆ ವಿಮಾನ ನಿಲ್ದಾಣವಿದೆ. ಆ ರನ್‌ವೇ ಹೋದರೆ ಉತ್ತರಕ್ಕೆ ಸೇನೆ ಸಾಗಿಸುವುದು ದುಸ್ತರ. ಹಂಗಾಮಿ ಅಧ್ಯಕ್ಷ ದಿಯೊಂಕುಂಡಾ ತ್ರಾವೊರೆ ನೆರವು ಕೇಳಿದರು, ಮರುದಿನವೇ ‘ಸೆರ್ವಾಲ್’ ಹೆಸರಿನಲ್ಲಿ ಫ್ರೆಂಚ್ ದಾಳಿ ಶುರು. ವಿಶ್ವಸಂಸ್ಥೆಯ 2085ನೇ ನಿರ್ಣಯ ಅನುಮತಿ ಕೊಟ್ಟಿದ್ದು ಆಫ್ರಿಕನ್ ಪಡೆಗೆ. ಫ್ರಾನ್ಸ್ ಮುಖ್ಯವಾಗಿ ನೆಚ್ಚಿಕೊಂಡದ್ದು ತ್ರಾವೊರೆಯ ಆಹ್ವಾನವನ್ನೇ. ಮೊದಲ ದಿನವೇ ಗೆಜೆಲ್ ಹೆಲಿಕಾಪ್ಟರ್‌ನ ಪೈಲಟ್ ಒಬ್ಬ ನೆಲದಿಂದ ಬಂದ ಸಣ್ಣ ಬಂದೂಕಿನ ಗುಂಡಿಗೆ ಸತ್ತ. ಗೆಜೆಲ್ ಹಗುರ ಯಂತ್ರ, ರಕ್ಷಾಕವಚ ಇಲ್ಲವೆನ್ನುವಷ್ಟು ಕಡಿಮೆ. ಕೆಳಗೆ ಹಾರಿದರೆ ಇದೇ ಗತಿ.

ಇಷ್ಟು ಬೇಗ ಬಂದದ್ದು ಹೇಗೆ? ವಸಾಹತು ಹೋದರೂ ನೆಲೆಗಳು ಹೋಗಿರಲಿಲ್ಲ. ಚಾಡ್‌ನಲ್ಲಿ 1986ರಿಂದ ವಿಮಾನಗಳಿದ್ದವು, ಐವರಿ ಕೋಸ್ಟ್‌ನಲ್ಲಿ 2002ರಿಂದ ಪಡೆ, ಬುರ್ಕಿನಾ ಫಾಸೊದಲ್ಲಿ ವಿಶೇಷ ದಳ. ಐವರಿ ಕೋಸ್ಟ್‌ನ ಅಬಿಜಾನ್‌ನಿಂದ ಶಸ್ತ್ರಸಜ್ಜಿತ ಗಾಡಿಗಳು ರಸ್ತೆ ಹಿಡಿದೇ ಬಮಾಕೊಗೆ ಬಂದವು. ದೊಡ್ಡ ಕೊರತೆಯೆಂದರೆ ಭಾರೀ ಸಾಗಣೆ ವಿಮಾನ. ಬ್ರಿಟನ್, ಅಮೆರಿಕ, ಕೆನಡಾಗಳ ಸಿ-17 ಎರವಲು ಪಡೆದರು, ಆಂತೊನೊವ್‌ಗಳನ್ನು ಬಾಡಿಗೆಗೆ ತಂದರು. ವಿಬಿಸಿಐ ಯುದ್ಧವಾಹನಗಳು ದಿಕ್ಸ್‌ಮ್ಯೂದ್ ಹಡಗಿನಲ್ಲಿ ಸೆನೆಗಲ್‌ನ ಡಕಾರ್ ಬಂದರಿಗೆ ಬಂದು, ಅಲ್ಲಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ನೆಲದ ದಾರಿ ಸವೆಸಿದವು.

ಉತ್ತರದ ಊರುಗಳಲ್ಲಿ ಗಾವ್ ಜನವರಿ 26ಕ್ಕೆ ಕೈಸೇರಿತು, ಟಿಂಬಕ್ಟು 28ಕ್ಕೆ, ಕಿದಾಲ್ ವಿಮಾನ ನಿಲ್ದಾಣ 30ಕ್ಕೆ. ಟಿಂಬಕ್ಟುವಿನ ಹಸ್ತಪ್ರತಿಗಳನ್ನು ಫ್ರೆಂಚ್ ಸೇನೆ ಉಳಿಸಿತು ಎಂದು ಬರೆಯುವವರಿದ್ದಾರೆ, ತಪ್ಪು. ಓಡುವಾಗ ಉಗ್ರರು ಸಾವಿರಾರನ್ನು ಸುಟ್ಟರು. ಉಳಿದವುಗಳಲ್ಲಿ ಬಹುಪಾಲನ್ನು ಅಲ್ಲಿನ ಗ್ರಂಥಪಾಲಕರೇ ಟ್ರಂಕುಗಳಲ್ಲಿ ತುಂಬಿ, ಗಾಡಿ ದೋಣಿಗಳಲ್ಲಿ ಮೊದಲೇ ಬಮಾಕೊಗೆ ಸಾಗಿಸಿದ್ದರು. ಗವಾನ್ ಮದರಸಾದ ಗ್ರಂಥಾಲಯ ಕಳೆದುಕೊಂಡ ಬೀದರ್ ಊರಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಕಾಳಗ ಅದ್ರಾರ್ ದೆಸ್ ಇಫೊಗಾಸ್ ಬೆಟ್ಟಗಳಲ್ಲಿ, ಫೆಬ್ರವರಿ–ಮಾರ್ಚ್‌ನಲ್ಲಿ. ಅಮೆತ್ತೆತ್ತಾಯ್ ಕಣಿವೆಯಲ್ಲಿ ಒಬ್ಬನಿಗೆ ದಿನಕ್ಕೆ ಹತ್ತು ಲೀಟರ್ ನೀರು ಬೇಕಿತ್ತು. ಸಾವಿರ ಮಂದಿಗೆ ದಿನಕ್ಕೆ ಹತ್ತು ಟನ್ ಆಯಿತಲ್ಲ, ಅದನ್ನೆಲ್ಲ ಹೊರಗಿನಿಂದಲೇ ಹೊತ್ತು ತರಬೇಕು. ಕಾದ ಕಲ್ಲಿನ ಮೇಲೆ ನಡೆದು ಬೂಟಿನ ಅಂಟು ಕರಗಿ ಅಟ್ಟೆ ಕಿತ್ತುಬಂತು. ಸೈನಿಕರು ಟೇಪು ಸುತ್ತಿಕೊಂಡು ನಡೆದರು. ಚೂಪುಗಲ್ಲಿಗೆ ಟೈರುಗಳು ಹರಿದವು. ಜೊತೆಗೆ ಕಾದಿದ ಚಾಡ್ ಸೈನಿಕರು ಫೆಬ್ರವರಿ 22ರಂದು ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡರು. ಅವರ ಹೆಸರನ್ನು ಯಾರೂ ಎತ್ತುವುದಿಲ್ಲ.

ಕೆಟ್ಟದ್ದು ಕಿದಾಲ್‌ನಲ್ಲಿ. ಅಲ್ಲಿ ಫ್ರೆಂಚರು ತುವಾರೆಗ್ ಪ್ರತ್ಯೇಕತಾವಾದಿಗಳ ಜೊತೆ ಹೊಂದಿಕೊಂಡರು, ಮಾಲಿ ಸೇನೆಯನ್ನು ಮೊದಲಿಗೆ ಒಳಗೆ ಬಿಡಲಿಲ್ಲ. ಜಿಹಾದಿಗಳ ಸುಳಿವು, ಬೆಟ್ಟದ ದಾರಿ ಗೊತ್ತಿದ್ದವರು ತುವಾರೆಗರೇ ಎಂಬ ಲೆಕ್ಕವಿತ್ತು, ಸೇನೆ ಒಳಹೊಕ್ಕರೆ ಸೇಡಿನ ಕೊಲೆಗಳಾದಾವೆಂಬ ಭಯವೂ ಇತ್ತು. ಬಮಾಕೊದಲ್ಲಿ ಮಾತ್ರ ಇದನ್ನು ದೇಶ ಒಡೆಯುವ ಆಟವೆಂದೇ ತಿಳಿದರು. ಫ್ರೆಂಚ್ ತ್ರಿವರ್ಣ ಧ್ವಜ ಹಿಡಿದು ಸ್ವಾಗತಿಸಿದವರೇ ಆಮೇಲೆ ಅದನ್ನು ಸುಟ್ಟರು.

2014ರ ಆಗಸ್ಟ್‌ನಲ್ಲಿ ಸೆರ್ವಾಲ್ ಹೋಗಿ ಬಾರ್ಖಾನ್ ಎಂಬ ಹೊಸ ಕಾರ್ಯಾಚರಣೆ ಬಂತು, ಐದು ದೇಶಗಳ ಹೊಣೆ ಹೊತ್ತುಕೊಂಡು. 2021ರ ಜನವರಿ 3ರಂದು ಮಧ್ಯ ಮಾಲಿಯ ಬೂಂಟಿಯಲ್ಲಿ ಫ್ರೆಂಚ್ ಬಾಂಬ್ ಬಿದ್ದದ್ದು ಮದುವೆ ಕೂಟದ ಮೇಲೆ, 19 ನಾಗರಿಕರು ಸತ್ತರು ಎಂದು ವಿಶ್ವಸಂಸ್ಥೆಯ ತನಿಖೆ ಹೇಳಿತು, ಫ್ರಾನ್ಸ್ ಒಪ್ಪಲಿಲ್ಲ. ಮಾಲಿಯಲ್ಲಿ ಮತ್ತೆರಡು ಸೇನಾ ಕ್ರಾಂತಿಗಳಾದ ಮೇಲೆ, 2022ರ ಆಗಸ್ಟ್ 15ಕ್ಕೆ ಕೊನೆಯ ಫ್ರೆಂಚ್ ತುಕಡಿ ಗಾವ್ ಬಿಟ್ಟಿತು. 2023ರ ನವೆಂಬರ್‌ನಲ್ಲಿ ಮಾಲಿ ಸೇನೆ ರಷ್ಯಾದ ಬಾಡಿಗೆ ಸೈನಿಕರ ಪಡೆ ವಾಗ್ನರ್ ಜೊತೆ ಕಿದಾಲ್ ಹೊಕ್ಕಿತು. ಎಂಟು ತಿಂಗಳ ಮೇಲೆ ತಿನ್ಜಾವಾತೆನ್ ಬಳಿ, ಮರಳುಗಾಳಿಯ ದಿನಗಳಲ್ಲಿ, ಅದೇ ವಾಗ್ನರ್ ತಂಡವನ್ನು ತುವಾರೆಗ್ ಬಂಡುಕೋರರು ಮುತ್ತಿ ಹೊಡೆದರು.