ಗೋವಿನಜೋಳದಿಂದ ಸಲಾಯಿನ್ ಬಾಟ್ಲಿವರೆಗೆ

ಸ್ವಲ್ಪ ಸುಸ್ತಾದರೆ ಸಾಕು, ‘ಒಂದು ಸಲಾಯಿನ್ ಹಚ್ಚಿಬಿಡ್ರಿ ಡಾಕ್ಟರೇ’ ಅನ್ನುವ ಮಾತು ನಮ್ಮ ಕಡೆಯ ದವಾಖಾನೆಗಳಲ್ಲಿ ದಿನಾ ಕೇಳುತ್ತದೆ. 5 ಪರ್ಸೆಂಟ್ ಡೆಕ್ಸ್‌ಟ್ರೋಸಿನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಗ್ಲುಕೋಸ್ (ಡೆಕ್ಸ್‌ಟ್ರೋಸ್ ಅದರದೇ ಇನ್ನೊಂದು ಹೆಸರು), ಅಂದರೆ ಸುಮಾರು 100 ಕ್ಯಾಲರಿ. ಒಂದು ತೆಳು ಜೋಳದ ರೊಟ್ಟಿ ತಿಂದಷ್ಟು. ಆ ಗ್ಲುಕೋಸ್ ಬರುವುದೂ ಬಹುಮಟ್ಟಿಗೆ ಗೋವಿನಜೋಳ, ಅಂದರೆ ಮೆಕ್ಕೆಜೋಳದಿಂದಲೇ. ಹಾವೇರಿ, ರಾಣೆಬೆನ್ನೂರು, ಹಿರೇಕೆರೂರು ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹರವುತ್ತಾರಲ್ಲ, ಅದೇ ಹಳದಿ ಕಾಳು. ಕಾಳಿಗೂ ಬಾಟ್ಲಿಗೂ ನಡುವೆ ಕೆಲಸ ಮಾಡುವವರು ಬ್ಯಾಕ್ಟೀರಿಯಾ, ಬೂಷ್ಟು ಮತ್ತು ಅವುಗಳಿಂದ ಪಡೆದು ತಿದ್ದಿದ ಕಿಣ್ವಗಳು.

ಮೊದಲು ಕಾಳು. ಒಣ ತೂಕದಲ್ಲಿ ನೂರಕ್ಕೆ 70ರಿಂದ 72 ಪಾಲು ಪಿಷ್ಟ. ತೇವ 14ಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ದರ ಕಡಿಯುತ್ತಾರೆ. ನೀರಿಗೆ ದುಡ್ಡು ಕೊಡಬಾರದು ಅನ್ನುವುದೊಂದೇ ಅದರ ಕಾರಣವಲ್ಲ. ಹಸಿ ಕಾಳಿನ ರಾಶಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಬಿಡುತ್ತದೆ. ವಿಚಿತ್ರವೆಂದರೆ ಈ ವಿಷ ಪಿಷ್ಟಕ್ಕೆ ಬರುವುದು ಬಹಳ ಕಡಿಮೆ. ಹೆಚ್ಚಿನ ಪಾಲು ನೆನೆಸಿದ ನೀರಿಗೆ, ಸಿಪ್ಪೆಗೆ, ಗ್ಲುಟೆನ್‌ಗೆ ಹೋಗಿ, ಅಲ್ಲಿಂದ ದನದ ಮೇವಿಗೆ, ಕೊನೆಗೆ ಹಾಲಿಗೆ ಇಳಿಯುತ್ತದೆ. ಅವಸರಕ್ಕೆ ಡ್ರೈಯರ್‌ನಲ್ಲಿ 60 ಡಿಗ್ರಿ ದಾಟಿಸಿ ಒಣಗಿಸಿದರೆ ಇನ್ನೊಂದು ತೊಂದರೆ: ಪ್ರೋಟೀನು ಗಟ್ಟಿಯಾಗಿ ಪಿಷ್ಟದ ಕಣಗಳನ್ನು ಬಿಟ್ಟುಕೊಡುವುದಿಲ್ಲ.

ಕಾರ್ಖಾನೆಯಲ್ಲಿ ಕಾಳನ್ನು 48ರಿಂದ 52 ಡಿಗ್ರಿ ನೀರಿನಲ್ಲಿ 36ರಿಂದ 48 ತಾಸು ನೆನೆಹಾಕುತ್ತಾರೆ. ನೀರಿನಲ್ಲಿ 0.1ರಿಂದ 0.2 ಪರ್ಸೆಂಟ್ ಸಲ್ಫರ್ ಡೈಆಕ್ಸೈಡ್ ಇರುತ್ತದೆ. ಅದು ಪ್ರೋಟೀನಿನ ಗಂಧಕದ ಕೊಂಡಿಗಳನ್ನು ಕತ್ತರಿಸುತ್ತದೆ. ಉಳಿದ ಕೆಲಸ ಲ್ಯಾಕ್ಟೋಬ್ಯಾಸಿಲಸ್‌ನದು. ಮೊಸರು ಹುಳಿ ಮಾಡುವ ಕುಲದ್ದೇ ಇದು, ಇಲ್ಲಿ ತನ್ನಷ್ಟಕ್ಕೆ ಹುಟ್ಟಿ ಲ್ಯಾಕ್ಟಿಕ್ ಆಮ್ಲ ಮಾಡಿ ಕಾಳನ್ನು ಮೆತ್ತಗಾಗಿಸುತ್ತದೆ. ಟ್ಯಾಂಕಿನ ಶಾಖ 45ಕ್ಕಿಂತ ಕೆಳಗಿಳಿಯಿತೋ, ಯೀಸ್ಟೂ ಬ್ಯುಟಿರಿಕ್ ಬ್ಯಾಕ್ಟೀರಿಯಾವೂ ಸೇರಿಕೊಂಡು ಹಳಸಲು ನಾತ ಹೊಡೆಯುತ್ತದೆ. 55 ದಾಟಿತೋ, ಲ್ಯಾಕ್ಟೋಬ್ಯಾಸಿಲಸ್ಸೇ ಸಾಯುತ್ತದೆ. ಹೊಸ ಗಂಧಕದ ನೀರನ್ನು ಹೆಚ್ಚು ಹೊತ್ತು ನೆಂದ ಕಾಳಿಗೆ, ಹಳೆಯ ಹುಳಿನೀರನ್ನು ಹೊಸ ಕಾಳಿಗೆ ಬಿಡುವ ಪದ್ಧತಿ ಇರುವುದೂ ಈ ಜೀವಿಗಳಿಗಾಗಿಯೇ. ಹೊಸ ಕಾಳಿಗೇ ಕಡು ಗಂಧಕ ಬಿದ್ದರೆ ಹುಳಿ ಶುರುವಾಗುವುದಿಲ್ಲ. ಈ ಹುಳಿನೀರನ್ನು ಬತ್ತಿಸಿದರೆ ಬರುವುದು ಕಾರ್ನ್ ಸ್ಟೀಪ್ ಲಿಕ್ಕರ್. 1940ರ ದಶಕದ ಆರಂಭದಲ್ಲಿ ಅಮೆರಿಕದ ಪಿಯೋರಿಯಾ ಪ್ರಯೋಗಾಲಯದಲ್ಲಿ ಪೆನಿಸಿಲಿನ್ ಇಳುವರಿ ಜಿಗಿದದ್ದು ಬೂಷ್ಟಿಗೆ ಇದನ್ನೇ ಉಣಿಸಿದ ಮೇಲೆ.

ಇನ್ನು ನಿಜವಾದ ಕಿಣ್ವದ ಕೆಲಸ. ಪಿಷ್ಟವನ್ನು ನೀರಿನಲ್ಲಿ ಕದಡಿ 30ರಿಂದ 35 ಪರ್ಸೆಂಟಿನ ಸ್ಲರಿ ಮಾಡಿ, ಪಿಷ್ಟದ ಉದ್ದ ಸರಪಳಿಗಳನ್ನು ತುಂಡರಿಸುವ ಆಲ್ಫಾ ಅಮೈಲೇಸ್ ಕಿಣ್ವ ಬೆರೆಸಿ, ಜೆಟ್ ಕುಕ್ಕರ್‌ನಲ್ಲಿ ಹಬೆ ಚುಚ್ಚಿ 105 ಡಿಗ್ರಿಗೆ ಏರಿಸುತ್ತಾರೆ. ಅಲ್ಲಿ ಐದರಿಂದ ಎಂಟು ನಿಮಿಷ. ಆಮೇಲೆ 95ಕ್ಕೆ ಇಳಿಸಿ ಒಂದೂವರೆ ಎರಡು ತಾಸು. ಇಷ್ಟು ಕುದಿಯಲ್ಲೂ ಬದುಕುವ ಅಮೈಲೇಸು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ್ದು. ಆದರೆ ಮೂಲರೂಪದಲ್ಲಿ ಅದಕ್ಕೆ ಎರಡು ಹಟ: ಪಿಎಚ್ 6ರ ಹತ್ತಿರ ಬೇಕು, ಕ್ಯಾಲ್ಸಿಯಂ 40–50 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಬೇಕು.

ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದ. ಪಿಷ್ಟದ ಸ್ಲರಿ ತಾನಾಗಿ ಪಿಎಚ್ 4ರಿಂದ 5ರ ಹುಳಿ. ಅದನ್ನು 6ಕ್ಕೆ ಏರಿಸಲು ಕ್ಷಾರ ಹಾಕಬೇಕು. ಮುಂದಿನ ಹಂತದಲ್ಲಿ ಆ ತುಣುಕುಗಳನ್ನು ಗ್ಲುಕೋಸ್ ಮಾಡುವ ಗ್ಲುಕೋಅಮೈಲೇಸಿಗೆ 4.3 ಬೇಕು, ಆಮ್ಲ ಹಾಕಿ ಇಳಿಸಬೇಕು. ಫ್ರಕ್ಟೋಸ್ ಸಿರಪ್ ಮಾಡುವವರಾದರೆ ಗ್ಲುಕೋಸನ್ನು ಫ್ರಕ್ಟೋಸ್ ಮಾಡುವ ಗ್ಲುಕೋಸ್ ಐಸೊಮರೇಸ್ ಕಿಣ್ವಕ್ಕಾಗಿ ಮತ್ತೆ 7.5ಕ್ಕೆ ಏರಿಸಬೇಕು. ಅದಕ್ಕೆ ಮೆಗ್ನೀಸಿಯಂ ಇಷ್ಟ, ಕ್ಯಾಲ್ಸಿಯಂ ಕಂಡರಾಗದು. ಹೀಗೆ ಏರಿಳಿಸಿದಷ್ಟೂ ಉಪ್ಪು ಹುಟ್ಟುತ್ತದೆ. ಆ ಉಪ್ಪನ್ನೆಲ್ಲ ತೆಗೆಯುವುದು ಅಯಾನು ವಿನಿಮಯದ ರೆಸಿನ್. ರೆಸಿನ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆಯೇ ತಲೆನೋವು.

ಪಿಷ್ಟದ ಉದ್ಯಮದಲ್ಲಿ ಕಿಣ್ವ ತಿದ್ದುವವರು ಅದರ ವೇಗ ಹೆಚ್ಚಿಸುವುದಕ್ಕಿಂತ ಅಕ್ಕಪಕ್ಕದ ಹಂತಗಳಿಗೆ ಅದನ್ನು ಒಗ್ಗಿಸಲು ಹೆಚ್ಚು ಬೆವರು ಸುರಿಸಿದ್ದಾರೆ. ಈ ಅಮೈಲೇಸು ಅಮೈನೊ ಆಮ್ಲಗಳ ಸರಪಳಿ; ಅದರ 197ನೇ ಜಾಗದ ಮಿಥಿಯೋನಿನ್ ಆಮ್ಲಜನಕಕ್ಕೆ ಸಿಕ್ಕಿ ಕೆಡುತ್ತದೆ, ಅಲ್ಲಿ ಬೇರೆ ಅಮೈನೊ ಆಮ್ಲ ಕೂರಿಸಿದರೆ ಬ್ಲೀಚ್ ಇರುವ ಬಟ್ಟೆಪುಡಿಯಲ್ಲೂ ಬಾಳುತ್ತದೆ. 190ನೇ ಜಾಗದ ಆಸ್ಪರಜಿನ್ ಬದಲು ಫಿನೈಲ್‌ಅಲನಿನ್ ಇಟ್ಟರೆ ಶಾಖ ತಡೆಯುವ ಶಕ್ತಿ ಹೆಚ್ಚುತ್ತದೆ. ಇಂಥ ಬದಲಾವಣೆಗಳನ್ನು ಕೂಡಿಸುತ್ತ ಹೋಗಿ, ಪಿಎಚ್ 5ರ ಆಸುಪಾಸಿನಲ್ಲಿ, ಹತ್ತು ಪಿಪಿಎಂಗಿಂತ ಕಡಿಮೆ ಕ್ಯಾಲ್ಸಿಯಂನಲ್ಲೂ ನಡೆಯುವ ಅಮೈಲೇಸುಗಳನ್ನು ಮಾಡಿದ್ದಾರೆ. ಎಲ್ಲಿ ತಿದ್ದಬೇಕೆಂದು ಗೊತ್ತಿಲ್ಲದಾಗ ಜೀನಿನಲ್ಲಿ ಮನಬಂದಂತೆ ತಪ್ಪುಗಳನ್ನು ಹುಟ್ಟಿಸಿ, ಸಾವಿರಾರು ತಳಿಗಳಲ್ಲಿ ಬೇಕಾದದ್ದನ್ನು ಆರಿಸಿ, ಮತ್ತೆ ಅದನ್ನೇ ಮಾಡುತ್ತಾರೆ. ಬಿತ್ತನೆ ಬೀಜ ಆರಿಸುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಈ ದಾರಿ ತೋರಿದ ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಕ್ಯಾಂಪಸ್ಸಿನಲ್ಲೋ ಧಾರವಾಡದಲ್ಲೋ ಬಯೋಟೆಕ್ ಓದುವವರು ಇದನ್ನು ಬೀಕರಿನಲ್ಲೇ ಮಾಡಿ ನೋಡಬಹುದು. 700 ಮಿಲಿ ನೀರಿಗೆ 300 ಗ್ರಾಂ ಮೆಕ್ಕೆಜೋಳದ ಸ್ಟಾರ್ಚ್ ಕದಡಿ, ಪಿಎಚ್ 5.8ಕ್ಕೆ ತನ್ನಿ. ಡಿಸ್ಟಿಲ್ಡ್ ನೀರಾದರೆ 0.18 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿ, 50 ಪಿಪಿಎಂ ಆಗುತ್ತದೆ. ಗದಗ ಕಡೆಯ ಗಡಸು ಬೋರ್‌ವೆಲ್ ನೀರಾದರೆ ಅದರಲ್ಲೇ ಸಾಕಷ್ಟಿರುತ್ತದೆ. ಕಿಣ್ವ ತಣ್ಣಗಿರುವಾಗಲೇ ಬೀಳಬೇಕು. ಪಿಷ್ಟ 62ರಿಂದ 72 ಡಿಗ್ರಿಯೊಳಗೆ ಉಬ್ಬಿ ಗಂಜಿಯಾಗುತ್ತದೆ. ಅದಾದ ಮೇಲೆ ಹಾಕಲು ಹೋದರೆ ಬೀಕರಿನಲ್ಲಿ ಮುದ್ದೆ, ಚಮಚ ನೆಟ್ಟಗೆ ನಿಲ್ಲುತ್ತದೆ. ಕೈಬಿಡದೆ ತಿರುವುತ್ತ 90–95ಕ್ಕೆ ಏರಿಸಿ ಒಂದೂವರೆ ತಾಸು ಇಡಿ.

ಆಗಾಗ ಒಂದು ಹನಿಗೆ ಅಯೋಡಿನ್ ಬಿಟ್ಟು ನೋಡಿ. ನೀಲಿಯಿಂದ ನೇರಳೆ, ಆಮೇಲೆ ಕೆಂಗಂದು. ಹನಿಯನ್ನು ತಣಿಸಿಯೇ ನೋಡಬೇಕು. ಬಿಸಿಯಲ್ಲಿ ನೀಲಿ ಬಣ್ಣ ತಾನೇ ಮಾಯವಾಗುತ್ತದೆ, ಪಿಷ್ಟ ಮುಗಿಯಿತೆಂದು ಮೋಸಹೋಗುತ್ತೀರಿ. ಡಿಇ, ಅಂದರೆ ಪಿಷ್ಟ ಎಷ್ಟು ಒಡೆದಿದೆ ಅನ್ನುವ ನೂರರ ಅಳತೆ, 8ರಿಂದ 12ಕ್ಕೆ ಬಂದಾಗ ನಿಲ್ಲಿಸುವುದು ವಾಡಿಕೆ. ಅದಕ್ಕಿಂತ ಮೊದಲೇ ನಿಲ್ಲಿಸಿದರೆ ಆರಿದಾಗ ಉದ್ದ ಸರಪಳಿಗಳು ಮತ್ತೆ ಹೆಣೆದುಕೊಂಡು ಫಿಲ್ಟರ್ ಕಟ್ಟುತ್ತದೆ. ಬಹಳ ಮುಂದೆ ಬಿಟ್ಟರೆ ತುಣುಕುಗಳು ತೀರ ಗಿಡ್ಡಾಗಿ ಗ್ಲುಕೋಅಮೈಲೇಸಿಗೆ ಹಿಡಿಸುವುದಿಲ್ಲ. ಪಿಎಚ್ 6 ದಾಟಿದ್ದರೆ ಮಾಲ್ಟುಲೋಸ್ ಎಂಬ ಸಕ್ಕರೆ ಹುಟ್ಟುತ್ತದೆ, ಗ್ಲುಕೋಅಮೈಲೇಸು ಅದನ್ನು ಸರಿಯಾಗಿ ಒಡೆಯದು.

ಇನ್ನೂ 95ರಲ್ಲಿರುವಾಗಲೇ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 4.3ಕ್ಕೆ ಇಳಿಸಿ ಹತ್ತು ನಿಮಿಷ ಬಿಡಿ, ಅಮೈಲೇಸ್ ಸಾಯುತ್ತದೆ. ನಂತರ 60ಕ್ಕೆ ತಂದು ಗ್ಲುಕೋಅಮೈಲೇಸ್ ಹಾಕಿ. ಇದು ಆಸ್ಪರ್ಜಿಲಸ್ ನೈಗರ್ ಎಂಬ ಕರಿ ಬೂಷ್ಟಿನದು. ಜೊತೆಗೆ ಪಿಷ್ಟದ ಸರಪಳಿಯ ಕವಲು ಕಡಿಯಲು ಪುಲ್ಲುಲನೇಸ್ ಎಂಬ ಕಿಣ್ವ. ಎರಡು ಮೂರು ದಿನ ಬೇಕು. ಪ್ರತಿ ಕೊಂಡಿ ಒಡೆಯುವಾಗಲೂ ಒಂದು ನೀರಿನ ಅಣು ಸೇರುವುದರಿಂದ 100 ಗ್ರಾಂ ಒಣ ಪಿಷ್ಟಕ್ಕೆ ಲೆಕ್ಕದ ಮಟ್ಟಿಗೆ 111 ಗ್ರಾಂ ಗ್ಲುಕೋಸ್. ಚೆನ್ನಾಗಿ ನಡೆದರೆ ರಸದ ಸಕ್ಕರೆಯಲ್ಲಿ 95–96 ಪರ್ಸೆಂಟ್ ಗ್ಲುಕೋಸೇ ಇರುತ್ತದೆ. ಇನ್ನೂ ಬರಲಿ ಅಂತ ನಾಲ್ಕನೇ ದಿನಕ್ಕೆ ಬಿಟ್ಟರೆ ಕಡಿಮೆಯಾಗುತ್ತದೆ! ಗ್ಲುಕೋಸ್ ದಟ್ಟವಾದಾಗ ಅದೇ ಕಿಣ್ವ ಹಿಮ್ಮುಖವಾಗಿ ನಡೆದು ಐಸೊಮಾಲ್ಟೋಸ್ ಕಟ್ಟುತ್ತದೆ. ಶಾಖ 55ಕ್ಕೆ ಇಳಿದರೆ ಹುಳಿಯ ಬ್ಯಾಕ್ಟೀರಿಯಾ ಹೊಕ್ಕು ಪಿಎಚ್ ಕುಸಿಯುತ್ತದೆ.

ಆಮೇಲೆ ಸೋಸುವುದು, ಇದ್ದಿಲು, ರೆಸಿನ್, ಬತ್ತಿಸುವುದು, 50 ಡಿಗ್ರಿಯ ಕೆಳಗೆ ನಿಧಾನ ಹರಳುಗಟ್ಟಿಸುವುದು. ಸಿಗುವುದು ಮೊನೊಹೈಡ್ರೇಟ್, ಅದರಲ್ಲಿ 9.1 ಪರ್ಸೆಂಟ್ ನೀರು. ಹಾಗಾಗಿ 25 ಗ್ರಾಂ ಗ್ಲುಕೋಸಿನ ಬಾಟ್ಲಿಗೆ ತೂಗಬೇಕಾದದ್ದು 27.5 ಗ್ರಾಂ. ಬಾಟ್ಲಿಯನ್ನು 121 ಡಿಗ್ರಿ ಹಬೆಯಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ಅವುಗಳ ಹೊರಪೊರೆಯ ಎಂಡೋಟಾಕ್ಸಿನ್ ಎಂಬ ವಿಷ ಅಳಿಯುವುದಿಲ್ಲ. ಸಲಾಯಿನ್ ಏರಿಸಿದಾಗ ಚಳಿಜ್ವರ ಬರಿಸುವುದು ಅದೇ. ಅದರ ಪರೀಕ್ಷೆಗೆ ಹಿಂದಿನಿಂದ ಕುದುರೆಲಾಳ ಏಡಿಯ ರಕ್ತ ಬಳಸುತ್ತಾರೆ. ಈಗ ಆ ಏಡಿಯ ಜೀನಿನಿಂದ ಕೋಶಗಳಲ್ಲಿ ಬೆಳೆಸಿದ ಫ್ಯಾಕ್ಟರ್ ಸಿ ಕಿಣ್ವವೂ ಬಂದಿದೆ.

ಅದೇ ಗ್ಲುಕೋಸನ್ನು ರಕ್ತದಲ್ಲಿ ಅಳೆಯುವ ಪಟ್ಟಿಯಲ್ಲೂ ಕಿಣ್ವವೇ. ಕೆಲವದರಲ್ಲಿ ಗ್ಲುಕೋಸ್ ಆಕ್ಸಿಡೇಸ್, ಕೆಲವದರಲ್ಲಿ ಗ್ಲುಕೋಸ್ ಡಿಹೈಡ್ರೋಜಿನೇಸ್. ಎರಡನೆಯದರಲ್ಲಿ ಪಿಕ್ಯೂಕ್ಯೂ ಎಂಬ ಜಾತಿ ಮಾಲ್ಟೋಸನ್ನೂ ಗ್ಲುಕೋಸ್ ಅಂತಲೇ ಎಣಿಸುತ್ತಿತ್ತು. ಐಕೊಡೆಕ್ಸ್‌ಟ್ರಿನ್ ದ್ರವದಿಂದ ಹೊಟ್ಟೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಮಾಲ್ಟೋಸ್ ಇರುತ್ತದೆ. ಮೀಟರ್ ಹೆಚ್ಚು ತೋರಿಸಿ, ಇನ್ಸುಲಿನ್ ಹೆಚ್ಚು ಕೊಟ್ಟು ಸಾವುಗಳಾದವು. 2009ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿದಾಗ ವರದಿಯಾಗಿದ್ದವು 13. ಅಲ್ಲಿಂದೀಚೆ ಮಾಲ್ಟೋಸ್ ಮುಟ್ಟದ ಕಿಣ್ವಗಳಿಗೆ ಕಂಪನಿಗಳು ಹೊರಳಿದವು. ಮನೆಯಲ್ಲಿ ಯಾರಾದರೂ ಹೊಟ್ಟೆ ಡಯಾಲಿಸಿಸ್‌ನಲ್ಲಿದ್ದರೆ, ಪಟ್ಟಿಯ ಡಬ್ಬಿಯೊಳಗಿನ ಚೀಟಿಯಲ್ಲಿ ‘ಮಾಲ್ಟೋಸ್’ ಅನ್ನುವ ಶಬ್ದ ಹುಡುಕಿ ಓದಿಯೇ ಬಳಸಿ.

ಉಳಿದ ತಪ್ಪುಗಳು ಚಿಕ್ಕವು. ಧಾರವಾಡದ ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ಟರೆ ಪಟ್ಟಿ ತೇವ ಹೀರಿ ಕೆಡುತ್ತದೆ. ಆಪೂಸ್ ಹಣ್ಣು ಹಿಂಡಿದ ಬೆರಳನ್ನು ಹಾಗೇ ಚುಚ್ಚಿದರೆ ಅಂಕಿ ಏರುತ್ತದೆ, ಹಣ್ಣಿನಲ್ಲಿ ಗ್ಲುಕೋಸ್ ಇದೆ. ಪೇಢಾ ಹಿಡಿದ ಬೆರಳಾದರೆ ಅಷ್ಟಿಲ್ಲ, ಅದರ ಮೇಲಿನದು ಸುಕ್ರೋಸ್, ಗ್ಲುಕೋಸ್ ಆಕ್ಸಿಡೇಸಿಗೆ ಅದು ಕಾಣುವುದಿಲ್ಲ. ಎರಡಕ್ಕೂ ಸಾಬೂನು ನೀರು, ಒಣ ಬಟ್ಟೆ. ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಮತ್ತೊಂದು ತಪ್ಪು ಅಂಕಿ ಬರುತ್ತದೆ.