ಗೋಡೆ ಪತ್ರಿಕೆ ಮತ್ತು ನನ್ನ ‘ಹ’: ಇಲ್ಲಿವರೆಗಿನ ಕಥೆ

ನಾನು 5ನೇ ಕ್ಲಾಸು. ಮಂಡ್ಯ ಕಡೆ ಒಂದು ಹಳ್ಳಿಯ ಸರ್ಕಾರಿ ಶಾಲೆ. ಜೂನ್‌ನಲ್ಲಿ ನಮ್ಮ ಮೇಷ್ಟ್ರು ಗೋಡೆ ಪತ್ರಿಕೆ ಮಾಡೋಣ ಅಂದರು. ಒಂದು ದೊಡ್ಡ ಚಾರ್ಟ್ ಪೇಪರ್, ಅದರ ಮೇಲೆ ನಾವು ಬರೆದದ್ದನ್ನೆಲ್ಲ ಅಂಟಿಸೋದು, ಅಷ್ಟೇ. ಅಂಟಿಸುವ ಜಾಗ ಮಾತ್ರ ಸರಿಯಿಲ್ಲ. ಬಿಸಿಯೂಟಕ್ಕೆ ಸಾಲು ನಿಲ್ಲುತ್ತೇವಲ್ಲ, ಅದೇ ಗೋಡೆ. ತಟ್ಟೆ ಹಿಡಿದು ನಿಂತವರಿಗೆ ಬೇರೆ ಕೆಲಸ ಇರಲ್ಲ, 7ನೇ ಕ್ಲಾಸಿನ ಅಣ್ಣಂದಿರು ಒಂದೊಂದು ಅಕ್ಷರಾನೂ ಬಿಡದೆ ಓದುತ್ತಾರೆ.

1ನೇ ಸಂಚಿಕೆ

ನಮ್ಮ ಹಸು ಕರು ಹಾಕಿದ್ದನ್ನು ಬರೆದೆ. ಹತ್ತು ಸಾಲು. ಮೊದಲ ಸಾಲೇ ‘ನಮ್ಮ ಅಸು ಕರು ಆಕಿದೆ’ ಅಂತ. ನನಗೆ ಅದು ತಪ್ಪು ಅಂತ ಕಾಣಲೇ ಇಲ್ಲ, ಯಾಕಂದರೆ ನಮ್ಮ ಮನೆಯಲ್ಲಿ ಅದು ಅಸೂನೇ. ಅಜ್ಜಿ ದಿನಾ ಬೆಳಿಗ್ಗೆ ಕೇಳೋದು ‘ಅಸ್ಗೆ ಉಲ್ಲು ಆಕ್ದೇನವ್ವಾ?’ ಅಂತ. ಮಧ್ಯಾಹ್ನ ಸಾಲಿನಲ್ಲಿ ನಿಂತವರೆಲ್ಲ ‘ಅಸು ಅಸು’ ಅಂತ ನಕ್ಕರು. ನಕ್ಕವರೂ ಮನೆಗೆ ಹೋಗಿ ಹಾಗೇ ಮಾತಾಡುತ್ತಾರೆ, ಅದು ಬೇರೆ ಮಾತು.

2ನೇ ಸಂಚಿಕೆ

ಈ ಸಲ ಬಿಡಬಾರದು ಅಂತ ಎಲ್ಲಾ ಕಡೆ ಹ ಹಾಕಿದೆ. ‘ಬೆಳಿಗ್ಗೆ ಹಕ್ಕಿ ರೊಟ್ಟಿ ತಿಂದು ಶಾಲೆಗೆ ಬಂದೆ.’ ಮೇಷ್ಟ್ರು ಓದಿ ಸುಮ್ನೆ ನನ್ನ ಮುಖ ನೋಡಿ, ‘ಯಾವ ಹಕ್ಕೀದು ತಾಯಿ, ಪಾರಿವಾಳದ್ದಾ?’ ಅಂದರು.

ಇದೇ ಸಂಚಿಕೆಯಲ್ಲಿ ನನ್ನ ಗೆಳತಿ ಲೆಕ್ಕದ ಮೂಲೆ ಮಾಡಿದ್ದಳು. ಶಾಲೆಯಲ್ಲಿ ಒಬ್ಬರಿಗೆ 150 ಮಿಲಿ ಹಾಲು, ನಾವು 23 ಜನ, ಅಂದರೆ ನಮ್ಮ ಕ್ಲಾಸಿಗೇ 3,450 ಮಿಲಿ. ಅದನ್ನು ಎಲ್ಲರೂ ಮೆಚ್ಚಿದರು. ಲೆಕ್ಕದಲ್ಲಿ ಹ ಬರಲ್ಲ, ಅವಳಿಗೇನು!

3ನೇ ಸಂಚಿಕೆ (ದೊಡ್ಡ ಎಡವಟ್ಟು)

ತಾತ ನನ್ನನ್ನು ಬೆಲ್ಲ ಮಾಡುವ ಆಲೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾರೆ, ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತೆ, ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯದ್ದೇ ಉರಿ. ಒಬ್ಬರು ಬೆಂಡೆ ಗಿಡದ ಕಾಂಡ ಜಜ್ಜಿ ನೀರಿಗೆ ಹಾಕಿ ಆ ಲೋಳೆಯನ್ನು ಕುದಿಯುವ ಹಾಲಿಗೆ ಸುರಿದರು. ಆಮೇಲೆ ನೋಡಿದರೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬಂತು, ಅದನ್ನು ಜಾಲರಿಯಲ್ಲಿ ತೆಗೆದು ಆಚೆ ಎಸೆದರು. ಬೆಲ್ಲಕ್ಕೂ ಬೆಂಡೆಗೂ ಏನು ಸಂಬಂಧ ಅಂತ ನನಗೆ ಗೊತ್ತೇ ಇರಲಿಲ್ಲ. ಅಚ್ಚಿಗೆ ಸುರಿಯುವ ಮೊದಲು ನನಗೊಂದು ಕಬ್ಬಿನ ತುಂಡಿಗೆ ಬಿಸಿ ಪಾಕ ಅಂಟಿಸಿ ಕೊಟ್ಟರು. ನಾಲಿಗೆ ಸುಟ್ಟಿತು. ಪರವಾಗಿಲ್ಲ.

ಎರಡು ಪುಟ ಬರೆದೆ, ಇಷ್ಟು ಉದ್ದ ಯಾವತ್ತೂ ಬರೆದಿಲ್ಲ. ತಲೆಬರಹ ಕೆಂಪು ಸ್ಕೆಚ್ ಪೆನ್ನಲ್ಲಿ ದಪ್ಪಗೆ: ‘ಹಾಲೆಮನೆ’. ನಾನು ಯೋಚನೆ ಮಾಡಿಯೇ ಬರೆದದ್ದು. ಕಬ್ಬಿನ ಹಾಲು ಕಾಯಿಸುವ ಮನೆ, ಹಾಲೆಮನೆ. ಸರಿ ತಾನೆ? ಸರಿ ಅಲ್ಲ.

ಆವತ್ತು ನಾನು ಊಟ ಸರಿಯಾಗಿ ಮಾಡಲಿಲ್ಲ.

ಮಾರನೇ ದಿನ ಮೇಷ್ಟ್ರು ಪಾಠ ಬಿಟ್ಟು ಇದನ್ನೇ ಹೇಳಿದರು. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಅಂತಿದ್ದರಂತೆ, ಹುಲಿಗೆ ಪುಲಿ. ಆ ಪ ಆಮೇಲೆ ಹ ಆಯಿತು, ನಮ್ಮ ಕಡೆ ಬಾಯಲ್ಲಿ ಹ ಕೂಡ ಹೋಗಿ ಆಲು ಆಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು 450ನೇ ಇಸವಿಯದು, ಅದರಲ್ಲಿ ಆ ಊರಿನ ಹೆಸರು ಪ ಅಕ್ಷರದಿಂದಲೇ ಶುರುವಾಗುತ್ತೆ. ಅಂದರೆ ನಮ್ಮಜ್ಜಿ ತಪ್ಪು ಮಾತಾಡ್ತಾ ಇಲ್ಲ, ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದಾಳೆ ಅಷ್ಟೇ ಅಲ್ವಾ? ಹಾಗಂತ ಕೇಳಿದೆ. ಮೇಷ್ಟ್ರು ನಕ್ಕು, ‘ಪರೀಕ್ಷೇಲಿ ಮಾತ್ರ ನೀನು ಒಂದು ಹೆಜ್ಜೆ ಹಿಂದೇನೇ ಇರು’ ಅಂದರು.

4ನೇ ಸಂಚಿಕೆ, ಈಗ ನಡೀತಿರೋದು

ಉಪಾಯ ಸಿಕ್ಕಿದ್ದು ಹಾಲಿನ ಲೆಕ್ಕದ ಗೆಳತಿಯಿಂದ. ಅವಳ ಮನೆಯಲ್ಲಿ ತಮಿಳು ಮಾತಾಡುತ್ತಾರೆ. ಮೇಷ್ಟ್ರು ಪಾಲ್ ಅಂದ ತಕ್ಷಣ ಅವಳು, ‘ನಾವು ಈಗಲೂ ಪಾಲ್ ಅಂತಲೇ ಅನ್ನೋದು’ ಅಂದಳು. ನನಗೆ ತಲೆಯಲ್ಲಿ ಬಲ್ಬ್ ಹತ್ತಿದ ಹಾಗಾಯಿತು! ಸಾಯಂಕಾಲ ಇಬ್ಬರೂ ಜಗುಲಿ ಮೇಲೆ ಕೂತು ಪಟ್ಟಿ ಮಾಡಿದೆವು. ನಾನು ಪದ ಹೇಳೋದು, ಅವಳು ತಮಿಳು ಹೇಳೋದು. ಪ ಬಂದರೆ ನಾನು ಹ ಹಾಕೋದು.

ಪಲ್ಲು ಅಂದಳು, ಹಲ್ಲು. ಪುಲ್ಲು ಅಂದಳು, ಹುಲ್ಲು. ಪಾಂಬು ಅಂದಳು, ಹಾವು. ಪತ್ತು, ಹತ್ತು. ಪೂ, ಹೂ. ಅಕ್ಕಿಗೆ ಅರಿಸಿ ಅಂದಳು, ಪ ಇಲ್ಲ, ಹಾಗಾದರೆ ಹ ಬೇಡ. ಇದೊಂದು ಮೊದಲೇ ಗೊತ್ತಿದ್ದರೆ ಪಾರಿವಾಳದ ಮಾತು ತಪ್ಪುತ್ತಿತ್ತು. ಕೊನೆಗೆ ಆಲೆಮನೆ ಕೇಳಿದೆ. ಅವಳಿಗೆ ಗೊತ್ತಾಗಲಿಲ್ಲ, ಒಳಗೆ ಹೋಗಿ ಅವರಮ್ಮನನ್ನು ಕೇಳಿಕೊಂಡು ಬಂದಳು. ಗಾಣಕ್ಕೆ, ಮಿಲ್ಲಿಗೆ ಅವರು ‘ಆಲೈ’ ಅಂತಾರೆ. ಪ ಇಲ್ಲವೇ ಇಲ್ಲ! ಆಲೆ ಅಂದರೇನೇ ಕಬ್ಬಿನ ಗಾಣ, ಹಾಲಿಗೂ ಅದಕ್ಕೂ ಸಂಬಂಧವಿಲ್ಲ.

ಹಾಜರಿ, ಹವಾಮಾನ ಇಂಥವಕ್ಕೆ ಈ ಉಪಾಯ ನಡೆಯಲ್ಲ, ಅವು ಹೊರಗಿನಿಂದ ಬಂದ ಪದಗಳು ಅಂತ ಮೇಷ್ಟ್ರು ಹೇಳಿದರು. ಅವನ್ನು ಬಾಯಿಪಾಠ ಮಾಡಬೇಕು.

ಈ ಸಂಚಿಕೆಯಲ್ಲಿ ಪಟ್ಟಿಯನ್ನೇ ಹಾಕುತ್ತಿದ್ದೇವೆ. ಮೂರು ಮನೆ ಗೆರೆ ಎಳೆದು, ಒಂದರಲ್ಲಿ ಅವಳ ಪದ, ನಡುವೆ ಪುಸ್ತಕದ ಪದ, ಕೊನೆಯದರಲ್ಲಿ ನಮ್ಮಜ್ಜಿ ಹೇಳೋದು. ಪಾಲ್, ಹಾಲು, ಆಲು. ಅಜ್ಜಿ ಮನೆಗೆ ನೀಲಿ ಬಣ್ಣ ಹಚ್ಚಿದ್ದೀನಿ. ಇಲ್ಲಿವರೆಗೆ 26 ಪದ ಆಗಿವೆ. ಗೋಂದು ಮುಗಿದಿದೆ, ಅನ್ನದ ಅಗುಳಲ್ಲಿ ಅಂಟಿಸಿದರೆ ಇರುವೆ ಬರುತ್ತೆ, ನೋಡಬೇಕು.

ನಿನ್ನೆ ತಲೆಬರಹಕ್ಕೆ ಹಳದಿ ಪೇಪರ್ ತರೋಣ ಅಂತ ಹೊರಟಾಗ, ಚೀಟಿಯಲ್ಲಿ ಬರೆಯೋಕೆ ಮೊದಲು ಯಾವುದಕ್ಕೂ ಇರಲಿ ಅಂತ ಅವಳನ್ನು ಕೇಳಿದೆ. ‘ಮಂಜಳ್’ ಅಂದಳು. ಅದರಲ್ಲಿ ಪನೂ ಇಲ್ಲ, ಏನೂ ಇಲ್ಲ. ಗುಲಾಬಿ ಪೇಪರ್ ತಂದೆವು.