ರಾಜೀನಾಮೆ ಪತ್ರದ ಹಿಂಬದಿ

ರಾಜೀನಾಮೆ ಪತ್ರ ಬರೆದು, ಪ್ರಿಂಟ್ ತೆಗೆದು, ಸಹಿಯನ್ನೂ ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಸೋಮವಾರ ಕೊಡೋಣ ಅಂತ. ಶನಿವಾರ ರಾತ್ರಿ ತಂಗಿಗೆ ಫೋನ್ ಮಾಡಿ ವಿಷಯ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು. "ಅಕ್ಕಾ, ಬಿಲ್ಲೆಲ್ಲಾ ಎಲ್ಲಿಟ್ಟಿದ್ದೀಯ?"

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಬಂದೇಬಿಟ್ಟಳು. ಅವಳ ಕೆಲಸವೇ ಲೆಕ್ಕ ಬರೆಯುವುದು. ನನ್ನದು ಆಫೀಸ್ ಕೆಲಸ. ಅದರ ಜೊತೆಗೆ ಆರು ವರ್ಷದಿಂದ ಮನೆಯಲ್ಲೇ ಬಟ್ಟೆ ಚೀಲ ಹೊಲಿಸಿ ಮಾರುತ್ತಿದ್ದೆ. ಇಬ್ಬರು ಹೆಂಗಸರು ಪೀಸ್ ಲೆಕ್ಕದಲ್ಲಿ ಹೊಲಿದು ಕೊಡುತ್ತಿದ್ದರು. ಕತ್ತರಿಸುವುದು, ಪ್ಯಾಕ್ ಮಾಡುವುದು, ಗಿರಾಕಿಗಳ ಫೋನು, ಎಲ್ಲಾ ನನ್ನ ಪಾಲು. ಆರ್ಡರ್ ಜಾಸ್ತಿಯಾಗುತ್ತಿತ್ತು. ಬ್ಯಾಂಕ್ ಖಾತೆಯಲ್ಲಿ ದುಡ್ಡು ಕಾಣುತ್ತಿತ್ತು. ಇನ್ನು ಸಂಬಳ ಯಾಕೆ ಬೇಕು ಅನ್ನಿಸಿತ್ತು.

ಬಿಲ್ಲುಗಳು ಮೂರು ಡಬ್ಬಿಗಳಲ್ಲಿದ್ದವು. ಕೆಲವು ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ. ಒಂದು ಬಿಲ್ಲಿನ ಹಿಂದೆ ಯಾರದೋ ಫೋನ್ ನಂಬರು, ಇನ್ನೊಂದರ ಮೇಲೆ ಚೀಲದ ಅಳತೆ. ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ತಿಂಗಳ ಪ್ರಕಾರ ಜೋಡಿಸುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ತಂಗಿ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ನನಗೆ ಜಾಸ್ತಿ ಭಯ.

"ವಾರಕ್ಕೆ ಎಷ್ಟು ಗಂಟೆ ಇದಕ್ಕೆ ಹಾಕ್ತೀಯ?" ಅಂದಳು.

"ಇಪ್ಪತ್ತು ಇರಬಹುದು."

"ಹೊಲಿಯೋರಿಗೆ ಗಂಟೆಗೆ ಎಷ್ಟು ಬೀಳುತ್ತೋ ಅಷ್ಟನ್ನೇ ನಿನಗೂ ಹಾಕ್ತೀನಿ. ಜಾಸ್ತಿ ಬೇಡ."

ಹಾಕಿದಳು. ಮಿಷನ್ನುಗಳ ಸವಕಳಿಯನ್ನೂ ಹಾಕಿದಳು. ಒಂದಲ್ಲ ಒಂದು ದಿನ ಹೊಸದು ಕೊಳ್ಳಲೇಬೇಕಲ್ಲ, ಅದಕ್ಕೆ ಪ್ರತಿ ವರ್ಷ ಎತ್ತಿಡಬೇಕಾದ ಪಾಲು ಅದು. ನಾನು ಇಷ್ಟು ವರ್ಷ ಲಾಭ ಅಂದುಕೊಂಡು ಬೀಗುತ್ತಿದ್ದದ್ದು ಕೊನೆಯ ಸಾಲಿನಲ್ಲಿ ಸೊನ್ನೆಯ ಹತ್ತಿರ ಬಂದು ಕೂತಿತು. ಅಂದರೆ ನಾನು ಕಟ್ಟಿದ್ದು ಉದ್ಯಮವಲ್ಲ, ಎರಡನೇ ನೌಕರಿ. ಅದೂ ರಜೆಯಿಲ್ಲದ್ದು.

ಹಾಗಾದರೆ ಖಾತೆಯಲ್ಲಿದ್ದ ದುಡ್ಡು? ಅದರಲ್ಲಿ ಹೆಚ್ಚಿನದು ಗಿರಾಕಿಗಳು ಕೊಟ್ಟ ಮುಂಗಡ. ಚೀಲ ಇನ್ನೂ ಹೊಲಿದಿರಲೇ ಇಲ್ಲ.

ನಿಜವಾದ ಪೆಟ್ಟು ಆಮೇಲೆ ಬಿತ್ತು. ನನ್ನ ಮಾರಾಟದ ಅರ್ಧಕ್ಕಿಂತ ಹೆಚ್ಚು ಒಂದೇ ಗಿರಾಕಿಯದು. ದೊಡ್ಡ ಕಂಪನಿ, ದೊಡ್ಡ ಆರ್ಡರ್, ಹೇಳಿಕೊಳ್ಳಲು ಹೆಮ್ಮೆ. ಬಟ್ಟೆಗೆ ನಾನು ನಗದು ಕೊಡುತ್ತಿದ್ದೆ. ಹೊಲಿದವರಿಗೆ ವಾರ ವಾರ ಕೊಡುತ್ತಿದ್ದೆ. ಆ ಕಂಪನಿ ನನಗೆ ಕೊಡುತ್ತಿದ್ದದ್ದು 90 ದಿನದ ಮೇಲೆ. ನಡುವಿನ ಮೂರು ತಿಂಗಳು ಯಾರ ದುಡ್ಡಲ್ಲಿ ನಡೆಯುತ್ತಿತ್ತು? ನನ್ನ ಸಂಬಳದಲ್ಲಿ. ನನಗಿಂತ ಎಷ್ಟೋ ಪಾಲು ದೊಡ್ಡ ಕಂಪನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟುಕೊಂಡು ಕೂತಿದ್ದೆ. ಆರ್ಡರ್ ಹೆಚ್ಚಾದಷ್ಟೂ ಹೆಚ್ಚು ದುಡ್ಡು ಹೊರಗೆ ಸಿಕ್ಕಿಕೊಳ್ಳುತ್ತಿತ್ತು. ಸೋಮವಾರ ಆ ಪತ್ರ ಕೊಟ್ಟಿದ್ದರೆ ಚೀಲದ ವ್ಯಾಪಾರಕ್ಕೆ ಉಸಿರು ಕೊಡುತ್ತಿದ್ದ ಕೊಳವೆಯನ್ನು ನಾನೇ ಕಿತ್ತಂತಾಗುತ್ತಿತ್ತು. ಲಾಭದಲ್ಲಿರುವ ವ್ಯಾಪಾರಗಳೂ ಕೈಯಲ್ಲಿ ನಗದಿಲ್ಲದೆ ಮುಚ್ಚಿಹೋಗುತ್ತವೆ ಅಂತ ಓದಿದ್ದೆ. ಅದು ಬೇರೆಯವರ ಕತೆ ಅಂದುಕೊಂಡಿದ್ದೆ, ಅಷ್ಟೇ.

ಅಳು ಬಂತು. ಸುಳ್ಳು ಯಾಕೆ ಹೇಳಲಿ.

ತಂಗಿ ಸುಮ್ನೆ ಬೇರೆ ಹಾಳೆ ತೆರೆದಳು. "ಬೇರೆ ಏನೇನಿದೆ ಹೇಳು." ಏನೂ ಇಲ್ಲ ಅಂದೆ. ಬ್ಯಾಂಕ್ ಪಟ್ಟಿ ನೋಡುತ್ತಾ, "ಪ್ರತಿ ತಿಂಗಳು 5ನೇ ತಾರೀಕು ಹೋಗ್ತಿರೋದು ಏನು?" ಅಂದಳು.

ಇಂಡೆಕ್ಸ್ ಫಂಡ್. 2013ರಲ್ಲಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಒತ್ತಾಯ ಮಾಡಿ ಶುರು ಮಾಡಿಸಿದ್ದು. ಆಗಿನ ಸಂಬಳದ ಆರನೇ ಒಂದು ಪಾಲು. ಆಮೇಲೆ ಒಮ್ಮೆಯೂ ಹೆಚ್ಚಿಸಿರಲಿಲ್ಲ, ತಿರುಗಿಯೂ ನೋಡಿರಲಿಲ್ಲ. ಅಲ್ಲ, ಒಮ್ಮೆ ನೋಡಲು ಹೊರಟಿದ್ದೆ. 2020ರ ಮಾರ್ಚ್‌ನಲ್ಲಿ. ಜಗತ್ತಿನ ಷೇರು ಪೇಟೆಗಳೆಲ್ಲಾ ಕುಸಿಯುತ್ತಿದ್ದವು. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಎಸ್ ಅಂಡ್ ಪಿ 500 ಸೂಚ್ಯಂಕ ಐದೇ ವಾರದಲ್ಲಿ ಮೂರನೇ ಒಂದು ಭಾಗ ಇಳಿದಿತ್ತು. ಎಲ್ಲಾ ಮಾರಿಬಿಡೋಣ ಅಂತ ಕೂತೆ. ಪಾಸ್‌ವರ್ಡ್ ನೆನಪಾಗಲಿಲ್ಲ. ಮೂರು ಸಲ ತಪ್ಪು ಹಾಕಿ ಖಾತೆ ಲಾಕ್ ಆಯಿತು. ನಾಳೆ ಮಾಡೋಣ ಅಂತ ಬಿಟ್ಟೆ. ಆ ನಾಳೆ ಬರಲಿಲ್ಲ. ಆಗಸ್ಟ್ ಹೊತ್ತಿಗೆ ಆ ಸೂಚ್ಯಂಕ ತನ್ನ ಹಳೆಯ ಎತ್ತರಕ್ಕೆ ವಾಪಸ್ ಬಂದಿತ್ತು. ನನ್ನ ಹೂಡಿಕೆಯ ಜಾಣ್ಮೆ ಅಂತ ಏನಾದರೂ ಇದ್ದರೆ ಅದು ಮರೆವು.

ಆ ಭಾನುವಾರ ಪಾಸ್‌ವರ್ಡ್ ಬದಲಿಸಿ ಒಳಗೆ ಹೋದೆವು. ಹನ್ನೊಂದು ವರ್ಷದಲ್ಲಿ ಹಾಕಿದ್ದರ ಒಂದೂಮುಕ್ಕಾಲು ಪಟ್ಟು ಆಗಿತ್ತು. ಇದರಲ್ಲಿ ಯಾವ ಪವಾಡವೂ ಇಲ್ಲ. ಯಾವ ಷೇರು ಏರುತ್ತದೆ ಅಂತ ಯಾರೂ ಊಹಿಸಿರಲಿಲ್ಲ. ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲಾ ಅದೇ ಪ್ರಮಾಣದಲ್ಲಿ ಕೊಂಡು ಇಟ್ಟುಕೊಳ್ಳುವುದಷ್ಟೇ ಆ ಫಂಡಿನ ಕೆಲಸ. 1976ರಲ್ಲಿ ಜಾನ್ ಬೋಗಲ್ ಸಾಮಾನ್ಯ ಜನರಿಗಾಗಿ ಇಂಥದ್ದನ್ನು ಅಮೆರಿಕದಲ್ಲಿ ತೆರೆದಾಗ 15 ಕೋಟಿ ಡಾಲರ್ ಸೇರಿಸಬೇಕು ಅಂತ ಹೊರಟಿದ್ದರು. ಸೇರಿದ್ದು 1 ಕೋಟಿ 10 ಲಕ್ಷದ ಆಸುಪಾಸು. ಜನ ನಕ್ಕರು. ಚುರುಕಿಲ್ಲದ ಹೂಡಿಕೆ ಯಾರಿಗೆ ತಾನೇ ಇಷ್ಟ? ನನ್ನ ಮನೆಯಲ್ಲೂ ಚೀಲದ ಕತೆಯನ್ನು ನೂರು ಸಲ ಹೇಳಿದ್ದೇನೆ, ಇದನ್ನು ಒಮ್ಮೆಯೂ ಹೇಳಿರಲಿಲ್ಲ.

ಮೊತ್ತವನ್ನು ತಂಗಿ ದುಡ್ಡಿನಲ್ಲಿ ಹೇಳಲಿಲ್ಲ. "ನಿನ್ನ ಎರಡು ವರ್ಷದ ಖರ್ಚು ಇದೆ" ಅಂದಳು. ಹಾಗೆ ಅಳೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

"ದುಡಿಯದೆ ಇರೋಕೆ ಎಷ್ಟು ವರ್ಷದ್ದು ಬೇಕು?"

"25 ಅಂತಾರೆ."

ಅದರ ಮೂಲವನ್ನೂ ಅವಳೇ ಹೇಳಿದಳು. ವಿಲಿಯಂ ಬೆಂಗೆನ್ ಅನ್ನುವ ಹಣಕಾಸು ಸಲಹೆಗಾರರು 1994ರಲ್ಲಿ ಅಮೆರಿಕದ ಹಳೆಯ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಷೇರು, ಬಾಂಡ್ ಎರಡರಲ್ಲೂ ಹಣ ಇಟ್ಟು, ಮೊದಲ ವರ್ಷ ಗಂಟಿನ ಶೇಕಡಾ 4ರಷ್ಟು ತೆಗೆದು, ಆಮೇಲೆ ಹಣದುಬ್ಬರಕ್ಕೆ ತಕ್ಕಂತೆ ಅದನ್ನೇ ಏರಿಸುತ್ತಾ ಹೋದರೆ ಕನಿಷ್ಠ 30 ವರ್ಷ ಗಂಟು ಕರಗುವುದಿಲ್ಲ ಅಂತ. ನೂರನ್ನು ಆ ನಾಲ್ಕರಿಂದ ಭಾಗಿಸಿದರೆ 25, ಅಂದರೆ ವರ್ಷದ ಖರ್ಚಿನ 25 ಪಟ್ಟು. "ಆದ್ರೆ ಅದು ಆ ದೇಶದ ಲೆಕ್ಕ, 30 ವರ್ಷದ ಲೆಕ್ಕ. ನಿನಗೀಗ 41. ನೀನು 30 ಪಟ್ಟು ಅಂತಲೇ ಇಟ್ಟುಕೋ. ಶುರುವಲ್ಲೇ ಪೇಟೆ ಬಿದ್ದರೆ ಇನ್ನೂ ಕಷ್ಟ."

ಮೂವತ್ತರಲ್ಲಿ ಎರಡು. ನಗು ಬಂತು. ಕಸ ಗುಡಿಸುವ ಕೆಲಸ ಮಾಡಿಕೊಂಡೇ ಷೇರು ಕೊಂಡು ಕೂಡಿಟ್ಟ ರೊನಾಲ್ಡ್ ರೀಡ್ ನೆನಪಾದರು. 2014ರಲ್ಲಿ ತೀರಿಕೊಂಡಾಗ ಅವರ ಬಳಿ ಸುಮಾರು 80 ಲಕ್ಷ ಡಾಲರ್ ಇತ್ತು. ನೋಡು, ಅವರಿಂದ ಆಯ್ತಲ್ಲ ಅಂದೆ. "ಅವರು 92 ವರ್ಷ ಬದುಕಿದ್ರು ಕಣೇ ಅಕ್ಕಾ. ಖರ್ಚು ಯಾವಾಗ ಮಾಡಿದ್ರು?" ಅಂದಳು. ಉತ್ತರ ಇರಲಿಲ್ಲ. ಈ ತರಹದ ಕತೆಗಳಲ್ಲಿ ಮೊತ್ತವನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ, ಕಾದ ವರ್ಷಗಳನ್ನು ಸಣ್ಣ ಅಕ್ಷರದಲ್ಲಿ.

ಮಧ್ಯಾಹ್ನದ ನಂತರ ನಾವು ಮಾಡಿದ್ದು ಒಂದೇ ಲೆಕ್ಕ. ತಿಂಗಳ ಖರ್ಚಿನಲ್ಲಿ 1 ರೂಪಾಯಿ ಇಳಿದರೆ ವರ್ಷಕ್ಕೆ 12. ಮೂವತ್ತು ಪಟ್ಟಿಗೆ 360. ಅಂದರೆ ತಿಂಗಳಿಗೆ ಒಂದು ರೂಪಾಯಿ ಕಡಿಮೆ ಖರ್ಚು ಮಾಡಿದರೆ ನಾನು ಕೂಡಿಸಬೇಕಾದ್ದರಲ್ಲಿ 360 ಮಾಯ. ಉಳಿದ ಆ ಒಂದು ರೂಪಾಯಿ ಫಂಡಿಗೂ ಹೋಗುತ್ತದೆ. ಗುರಿಯೂ ಹತ್ತಿರ ಬರುತ್ತದೆ, ನಾನೂ ಹತ್ತಿರ ಹೋಗುತ್ತೇನೆ. ಇದು ಗೊತ್ತಾದ ಮೇಲೆ ಬಳಸದ ಚಂದಾಗಳನ್ನು ಹುಡುಕಿ ಹುಡುಕಿ ತೆಗೆದೆವು. ಏಳು ಸಿಕ್ಕವು. ಒಂದು ವ್ಯಾಯಾಮದ ಆ್ಯಪಿನದು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಮರುದಿನ ಆಫೀಸಿಗೆ ಹೋದೆ. ಪತ್ರ ಬ್ಯಾಗಿನಲ್ಲೇ ಇತ್ತು. ಹನ್ನೊಂದು ಗಂಟೆಗೆ ಆ ದೊಡ್ಡ ಗಿರಾಕಿಯ ಫೋನ್. ಹೊಸ ಆರ್ಡರ್. ದರ ಇನ್ನೂ ಸ್ವಲ್ಪ ಇಳಿಸಬೇಕಂತೆ, ಹಣ 120 ದಿನದ ಮೇಲಂತೆ. ಹಿಂದಿನ ವಾರವಾಗಿದ್ದರೆ ಹೂಂ ಅಂದು, ರಾತ್ರಿ ನಿದ್ದೆಗೆಟ್ಟು ಚೀಲ ಕತ್ತರಿಸುತ್ತಿದ್ದೆ. ಎರಡು ವರ್ಷದ ಖರ್ಚು ಅನ್ನುವ ಮಾತು ತಲೆಯಲ್ಲಿತ್ತು. "ಅರ್ಧ ಮುಂಗಡ, ಉಳಿದದ್ದು 30 ದಿನಕ್ಕೆ ಸರ್. ದರ ಇಳಿಸೋಕಾಗಲ್ಲ" ಅಂದೆ. ಧ್ವನಿ ನಡುಗಿತು, ಆದರೂ ಅಂದೆ. ನೋಡಿ ಹೇಳ್ತೀವಿ ಅಂತ ಇಟ್ಟರು. ಮತ್ತೆ ಫೋನ್ ಬರಲಿಲ್ಲ.

ಮಾರಾಟ ಅರ್ಧಕ್ಕೆ ಇಳಿಯಿತು. ಸಂಬಳದಿಂದ ಅತ್ತ ಹೋಗುತ್ತಿದ್ದ ದುಡ್ಡು ಉಳಿಯಿತು, ಅದು 5ನೇ ತಾರೀಕಿನ ಮೊತ್ತಕ್ಕೆ ಸೇರಿತು. ಸಣ್ಣ ಗಿರಾಕಿಗಳು ಮುಂಗಡ ಕೊಡುತ್ತಾರೆ. ಈಗ ಗಂಟೆಗೆ ನನಗೆ ಬೀಳುವ ಕೂಲಿ ಹೊಲಿಯುವವರ ಕೂಲಿಗಿಂತ ಸ್ವಲ್ಪ ಮೇಲಿದೆ.

ಆ ಪತ್ರವನ್ನು ಹರಿಯಲಿಲ್ಲ. ಒಳ್ಳೆಯ ಕಾಗದ, ಹಿಂಬದಿ ಖಾಲಿ ಇತ್ತು. ಚೀಲಕ್ಕೆ ಹಾಕುವ ಗಂಟೆಗಳನ್ನು ಅದರ ಮೇಲೇ ಬರೆಯಲು ಶುರು ಮಾಡಿದೆ. ಮೊದಲ ಸಾಲು ಹೀಗಿದೆ: ಭಾನುವಾರ, ಬಿಲ್ ಹುಡುಕಿದ್ದು, 2 ಗಂಟೆ. ಅದರ ಪಕ್ಕದಲ್ಲಿ ತಂಗಿ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: "ನನ್ನದು 9 ಗಂಟೆ. ಬಾಕಿ."